ಶಾಯಿ ಹಾಕಿದ ಪುಟ ಯಾರದು?

ಮೂರು ವರ್ಷದ ಹಿಂದಿನ ಜೂನ್ ತಿಂಗಳು. ಗಾಜಿಯಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಇಲ್ಲಿ ಜೂನ್‌ನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಪುಟ ಒಪ್ಪಿಸಬೇಕಿತ್ತು, ಮುಗಿದದ್ದು ಒಂದೇ. ಹಳೆಯ ಇನ್ವರ್ಟರ್ ಬ್ಯಾಟರಿ ಒಂದು ಫ್ಯಾನು, ಒಂದು ದೀಪ ಎಳೆಯುತ್ತದೆ, ಕಂಪ್ಯೂಟರು ಎಳೆಯುವುದಿಲ್ಲ. ಕಂಪ್ಯೂಟರ್ ಇಲ್ಲದಿದ್ದರೆ ನನ್ನ ಡ್ರಾಯಿಂಗ್ ಟ್ಯಾಬ್ಲೆಟ್ ಒಂದು ಕರಿ ಹಲಗೆ, ಬಳಪವೂ ಹಿಡಿಯದ ಹಲಗೆ.

ರಫ್ ಚಿತ್ರಗಳು ಫೋನಿನಲ್ಲಿದ್ದವು. ಅಟ್ಟದಿಂದ ಐವರಿ ಶೀಟು ಇಳಿಸಿದೆ. ಶಾಯಿ ಬಾಟಲಿಯ ಮುಚ್ಚಳ ಅಂಟಿಕೊಂಡಿತ್ತು, ಬಿಸಿನೀರಲ್ಲಿ ಅದ್ದಿ ತೆಗೆದೆ. ಬರಿಮೈಯಲ್ಲಿ ಕೂತು, ಬೆವರು ಕಾಗದಕ್ಕೆ ಬೀಳದಂತೆ ಮುಂಗೈ ಕೆಳಗೆ ಹಳೇ ಬನಿಯನ್ ಹಾಸಿಕೊಂಡು, ಮೂರು ಪುಟ ನಿಬ್ಬು ಮತ್ತು ಬ್ರಷ್ಷಿನಲ್ಲೇ ಮುಗಿಸಿದೆ. ಆರು ಗಂಟೆಗೆ ಕರೆಂಟು ಬಂತು. ಸ್ಕ್ಯಾನ್ ಮಾಡಿ ಕಳಿಸಿದೆ. ಯಾವ ಪುಟ ಕೈಯಲ್ಲಿ ಮಾಡಿದ್ದು, ಯಾವುದು ಟ್ಯಾಬ್ಲೆಟ್‌ನಲ್ಲಿ ಮಾಡಿದ್ದು ಎಂದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ರಾಣೆಬೆನ್ನೂರಿನಲ್ಲಿದ್ದ ಅಪ್ಪನಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದೆವು. ಅಲ್ಲಿ ಇಲ್ಲಿ ಸಾಲ ಮಾಡಿದ ಮೇಲೂ ದುಡ್ಡು ಸಾಲದೆ ಬಂದಾಗ ಮಾರುವುದಕ್ಕೆ ನನ್ನ ಹತ್ತಿರ ಏನಿದೆ ಎಂದು ಮನೆಯಲ್ಲಿ ಹುಡುಕಿದೆ. ಹಾರ್ಡ್ ಡಿಸ್ಕಿನಲ್ಲಿ ಆರು ವರ್ಷದ ಕೆಲಸವಿತ್ತು, ನೂರಾರು ಪುಟ. ಅದರಲ್ಲಿ ಒಂದನ್ನೂ ಮಾರಲು ಬರುವುದಿಲ್ಲ. ಅಟ್ಟದ ಮೇಲಿನ ಫೈಲಿನಲ್ಲಿ ಕಾಗದದ ಪುಟ ಹನ್ನೊಂದು ಇದ್ದವು, ಆ ಜೂನ್ ರಾತ್ರಿಯ ಮೂರೂ ಸೇರಿ. ಕಾಮಿಕ್ಸ್ ಸಂಗ್ರಹಿಸುವ ಇಬ್ಬರು ಒಂಬತ್ತನ್ನು ಕೊಂಡರು. ಒಂದು ಪುಟಕ್ಕೆ ನನಗೆ ಸಿಕ್ಕಿದ್ದ ಕೂಲಿಗಿಂತ ಅದೇ ಪುಟದ ಕಾಗದಕ್ಕೆ ಹೆಚ್ಚು ಬಂತು.

ಅವತ್ತಿನಿಂದ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಕೈಯ ಶಾಯಿಯೋ ಡಿಜಿಟಲ್ಲೋ ಎಂದು ನಮ್ಮ ವೃತ್ತಿಯಲ್ಲಿ ನಡೆಯುವ ಜಗಳ ಬಹುಪಾಲು ರುಚಿಯ ಜಗಳ. ಗೆರೆಗೆ ಜೀವ ಇದೆ, ಇಲ್ಲ ಎನ್ನುವ ಮಾತು. ಅದನ್ನು ಸಂಜೆ ಚಹಾಕ್ಕೆ ಇಟ್ಟುಕೊಳ್ಳಬಹುದು. ಹೊಟ್ಟೆಪಾಡಿನ ಪ್ರಶ್ನೆ ಬೇರೆ: ಕೆಲಸ ಮುಗಿದ ಮೇಲೆ ಕಲಾವಿದನ ಕೈಯಲ್ಲಿ ಏನು ಉಳಿಯುತ್ತದೆ?

ಇಂಕಿಂಗ್ ಎಂದರೇನು ಎಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಕಾಮಿಕ್ಸ್ ಓದಿ ಬೆಳೆದವರೂ ಇದನ್ನು ತಪ್ಪು ತಿಳಿದಿರುತ್ತಾರೆ. ಒಬ್ಬರು ಪೆನ್ಸಿಲಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಅದರ ಮೇಲೆ ಕಪ್ಪು ಶಾಯಿ ಹಾಕುತ್ತಾರೆ. ಹಾಗೆಂದ ಕೂಡಲೇ ಬಾಲವಾಡಿ ಮಕ್ಕಳು ಅಕ್ಷರ ತಿದ್ದುವುದು ಕಣ್ಣಿಗೆ ಬರುತ್ತದೆ. ಇಂಕರ್ ತಿದ್ದುವವನಲ್ಲ. ಪೆನ್ಸಿಲಿನಲ್ಲಿ ಬೂದು ಬಣ್ಣ ಇದೆ, ಅನುಮಾನ ಇದೆ, ಒಂದೇ ಕೈಗೆ ಮೂರು ಗೆರೆ ಇರುತ್ತವೆ. ಅಚ್ಚಿಗೆ ಹೋಗುವಾಗ ಇರುವುದು ಕಪ್ಪು ಮತ್ತು ಬಿಳಿ ಎರಡೇ. ಮೂರು ಗೆರೆಯಲ್ಲಿ ಯಾವುದು ಕೈ ಎಂದು ತೀರ್ಮಾನ ಮಾಡುವವನು ಇಂಕರ್. ಕೋಟಿನ ಮಡಿಕೆ ರೇಷ್ಮೆಯದೋ ಕಂಬಳಿಯದೋ, ದೀಪ ಎಡಕ್ಕಿದೆಯೋ ಬಲಕ್ಕಿದೆಯೋ, ದೂರದ ಮನೆ ಎಷ್ಟು ದೂರ, ಇವೆಲ್ಲ ಗೆರೆಯ ದಪ್ಪ ತೆಳುವಿನಲ್ಲಿ ನಿಲ್ಲಬೇಕು. ನಿಬ್ಬನ್ನು ಒತ್ತಿದರೆ ಬಾಯಿ ತೆರೆದು ದಪ್ಪ, ಬಿಟ್ಟರೆ ಕೂದಲೆಳೆ. ಬ್ರಷ್ಷಿನಲ್ಲಿ ಆ ದಪ್ಪ ತೆಳುವಿನ ನಡುವೆ ಇಡೀ ಒಂದು ಸಂಗೀತವಿದೆ, ಕಲಿಯುವುದಕ್ಕೆ ನನಗೆ ಐದು ವರ್ಷ ಹಿಡಿಯಿತು, ಇನ್ನೂ ಪೂರಾ ಬಂದಿಲ್ಲ.

ಈ ಕೆಲಸಕ್ಕೆ ದಿಲ್ಲಿಯ ಹವೆ ವೈರಿ. ಮೇ ತಿಂಗಳ ಬಿಸಿಗಾಳಿಯಲ್ಲಿ ಶಾಯಿ ನಿಬ್ಬಿನ ತುದಿಯಲ್ಲೇ ಒಣಗಿ ಗೆರೆ ಅರ್ಧಕ್ಕೆ ಕಡಿಯುತ್ತದೆ. ಆಗಸ್ಟಿನಲ್ಲಿ ಕಾಗದ ತೇವ ಕುಡಿದು ಉಬ್ಬುತ್ತದೆ, ಗೆರೆಗೆ ಮೀಸೆ ಮೂಡುತ್ತದೆ. ಡಿಸೆಂಬರಿನಲ್ಲಿ ಬೆರಳು ಸೆಟೆದುಕೊಂಡು ಉದ್ದದ ಗೆರೆ ಎಳೆಯಲು ಆಗುವುದಿಲ್ಲ, ಹೀಟರ್ ಮುಂದೆ ಕೈ ಕಾಯಿಸಿ ಬರಬೇಕು. ನವೆಂಬರಿನ ಹೊಗೆಯಲ್ಲಿ ಕಿಟಕಿ ತೆರೆದರೆ ಹಸಿ ಶಾಯಿಯ ಮೇಲೆ ಧೂಳು. ಫೆಬ್ರುವರಿ ಚೆನ್ನ. ವರ್ಷಕ್ಕೊಂದು ಫೆಬ್ರುವರಿ.

ಹಾಗಿದ್ದೂ ಭಾರತದ ಕಾಮಿಕ್ಸ್ ಚರಿತ್ರೆಯ ದೊಡ್ಡ ಭಾಗ ಈ ಊರಿನಲ್ಲೇ ನಡೆಯಿತು. ನಮ್ಮ ಕಾರ್ಕಳದ ಅನಂತ ಪೈ ಅವರ ಕತೆ ನಿಮಗೆ ಗೊತ್ತಿರಬಹುದು. 1967ರಲ್ಲಿ ದೇಶದಲ್ಲಿ ಟಿವಿ ಇದ್ದದ್ದು ದಿಲ್ಲಿಯಲ್ಲಿ ಮಾತ್ರ. ಆ ಫೆಬ್ರುವರಿಯಲ್ಲಿ ಇಲ್ಲಿನ ಪುಸ್ತಕದಂಗಡಿಯೊಂದರ ಟಿವಿಯಲ್ಲಿ ಅವರು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ದೇವತೆಗಳ ಬಗ್ಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಾಗಲಿಲ್ಲ. ಅಮರ ಚಿತ್ರ ಕಥೆಯ ಯೋಚನೆ ಅಲ್ಲಿ ಹುಟ್ಟಿತು. 2011ರ ಫೆಬ್ರುವರಿಯಲ್ಲಿ ದಿಲ್ಲಿ ಹಾಟ್‌ನಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆದಾಗ ಜೀವಮಾನ ಸಾಧನೆಯ ಗೌರವ ಅವರಿಗೆ ಸಂದಿತು. ಅದೇ ತಿಂಗಳ 24ರಂದು ಅವರು ತೀರಿಕೊಂಡರು.

ಪ್ರಾಣ್ ಇಲ್ಲಿಯವರೇ ಎನ್ನಬೇಕು. 1960ರಲ್ಲಿ ದಿಲ್ಲಿಯ ‘ಮಿಲಾಪ್’ ಪತ್ರಿಕೆಗೆ ಡಬ್ಬು ಬರೆದರು, 1971ರಲ್ಲಿ ‘ಲೋಟ್‌ಪೋಟ್’ಗೆ ಚಾಚಾ ಚೌಧರಿ. ಕಂಪ್ಯೂಟರಿಗಿಂತ ಚುರುಕು ತಲೆಯವನೆಂದು ಹೆಸರಾದ ಮುದುಕ ಹುಟ್ಟಿದ್ದು ಕಾಗದ, ಶಾಯಿಯಲ್ಲಿ. ಆ ಮೇಲೆ ಡೈಮಂಡ್, ಮನೋಜ್. 1986ರಲ್ಲಿ ಬುರಾರಿಯ ರಾಜ್ ಕಾಮಿಕ್ಸ್, ನಾಗರಾಜ್. ಮರುವರ್ಷ ಅನುಪಮ್ ಸಿನ್ಹಾ ಅವರ ಸೂಪರ್ ಕಮಾಂಡೋ ಧ್ರುವ. ನಾವು ಬಾಲಮಂಗಳದ ಡಿಂಗನನ್ನು ಕಾಯುತ್ತಿದ್ದ ಹಾಗೆ ಉತ್ತರದ ಮಕ್ಕಳು ಇವರನ್ನು ಕಾಯುತ್ತಿದ್ದರು, ರೈಲ್ವೆ ಸ್ಟೇಷನ್ನಿನ ಗಾಡಿಗಳಲ್ಲಿ, ಗಲ್ಲಿಯ ಬಾಡಿಗೆ ಅಂಗಡಿಗಳಲ್ಲಿ.

ದಿಲ್ಲಿಗೆ ಬಂದ ಹೊಸದರಲ್ಲಿ ನಾನು ಹಿಂದಿ ಓದಲು ಕಲಿತದ್ದೇ ಈ ಹಳೇ ಪುಸ್ತಕಗಳಿಂದ. ದರಿಯಾಗಂಜಿನ ಭಾನುವಾರದ ಸಂತೆಯಲ್ಲಿ ಕಟ್ಟುಗಟ್ಟಲೆ ಸಿಗುತ್ತಿದ್ದವು (ಈಗ ಆ ಸಂತೆ ಮಹಿಳಾ ಹಾಟ್‌ಗೆ ಹೋಗಿದೆ, ಮೊದಲಿನ ಸೊಗಸಿಲ್ಲ). ನಾನು ಮೊದಲು ನೋಡುತ್ತಿದ್ದದ್ದು ಹೆಸರುಗಳ ಪಟ್ಟಿ. ಅನುಪಮ್ ಸಿನ್ಹಾ ಅವರ ಹೆಸರಿನ ಜೊತೆ ಇಂಕಿಂಗ್ ಎಂಬಲ್ಲಿ ವಿನೋದ್ ಕುಮಾರ್ ಎಂಬ ಹೆಸರು ಪದೇ ಪದೇ ಕಾಣುತ್ತದೆ. ಧ್ರುವನ ಮುಖದ ಅಂಚು, ಸ್ಫೋಟದ ಹೊಗೆ, ರಾತ್ರಿಯ ಕಟ್ಟಡದ ಕಪ್ಪು, ಲಕ್ಷಗಟ್ಟಲೆ ಮಕ್ಕಳ ಕಣ್ಣಿಗೆ ಬಿದ್ದ ಗೆರೆ ಅದು. ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ಆ ಹೆಸರು ನೆನಪಿದೆಯೋ! ಆದರೂ ಹೆಸರು ಹಾಕಿದರಲ್ಲ, ಅದು ದೊಡ್ಡದು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಅರ್ಧದಷ್ಟರಲ್ಲಿ ನನ್ನ ಹೆಸರಿಲ್ಲ.

ಆ ಕಾಲದಲ್ಲಿ ಮೂಲ ಪುಟ ಎಲ್ಲಿಗೆ ಹೋಗುತ್ತಿತ್ತು? ಪ್ರೆಸ್ಸಿಗೆ. ಪುಟವನ್ನು ದೊಡ್ಡ ಕ್ಯಾಮೆರಾದ ಮುಂದೆ ಹಿಡಿದು ಫಿಲ್ಮ್ ತೆಗೆಯಬೇಕಿತ್ತು, ಹಾಗಾಗಿ ಕಾಗದವೇ ಕಲಾವಿದನ ಮನೆ ಬಿಟ್ಟು ಹೋಗಬೇಕು. ಹೋದದ್ದು ಬರುತ್ತಿರಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ. ‘ಒಪ್ಪಿಸಿದೆ, ದುಡ್ಡು ತಗೊಂಡೆ, ಮನೆಗೆ ಬಂದೆ, ಅದರ ಮುಖ ಮತ್ತೆ ನೋಡಿದ್ದು ಅಂಗಡಿಯಲ್ಲಿ’ ಎಂದು ಒಬ್ಬ ಹಿರಿಯರು ನನಗೆ ಹೇಳಿದ್ದರು. ಬೀರುಗಳಲ್ಲಿ ಗೆದ್ದಲು ಹಿಡಿದ ಪುಟ ಎಷ್ಟೋ, ರದ್ದಿಗೆ ಹೋದದ್ದೆಷ್ಟೋ. ಪುಟ ಬಿಟ್ಟುಕೊಡದಿರುವುದು ಅಮೆರಿಕದಲ್ಲೂ ಇದ್ದ ರೋಗವೇ. ಜ್ಯಾಕ್ ಕರ್ಬಿಯಂಥ ಕಲಾವಿದ ಮಾರ್ವೆಲ್ ಕಂಪನಿಯೊಡನೆ ವರ್ಷಗಟ್ಟಲೆ ಕಾದಾಡಿ 1987ರಲ್ಲಿ ವಾಪಸು ಪಡೆದದ್ದು ಸುಮಾರು ಎರಡು ಸಾವಿರ ಪುಟ. ಬರೆದದ್ದು ಅದರ ಹಲವು ಪಟ್ಟು. ಆದರೆ ಅಲ್ಲಿ ಆ ಹೊತ್ತಿಗೆ ಪುಟಗಳನ್ನು ವಾಪಸು ಮಾಡಿ ಪೆನ್ಸಿಲಿನವನಿಗೂ ಇಂಕಿನವನಿಗೂ ಹಂಚುವ ಪದ್ಧತಿ ಬಂದಿತ್ತು. 2022ರಲ್ಲಿ ಸ್ಪೈಡರ್‌ಮ್ಯಾನ್ ಕಪ್ಪು ಉಡುಪು ತೊಟ್ಟ ಒಂದೇ ಒಂದು ಪುಟ 33 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಆ ಲೆಕ್ಕ ನಮ್ಮದಲ್ಲ ಬಿಡಿ.

ನನ್ನ ತಲೆಯಲ್ಲಿ ಉಳಿದದ್ದು ಬೇರೆ ಸಂಗತಿ. ಮನೆಮನೆಗೆ ಸ್ಕ್ಯಾನರ್ ಬಂದ ಮೇಲೆ ಪುಟ ಪ್ರೆಸ್ಸಿಗೆ ಹೋಗುವ ಅಗತ್ಯವೇ ತಪ್ಪಿತು. ಫೈಲ್ ಹೋಯಿತು, ಕಾಗದ ಕಲಾವಿದನ ಮನೆಯಲ್ಲೇ ಉಳಿಯಿತು. ಯಾರೂ ಹೋರಾಡದೆ, ಯಾರೂ ಸಹಿ ಹಾಕದೆ, ಒಂದು ಯಂತ್ರದ ದಯೆಯಿಂದ ನಮಗೆ ಸಿಕ್ಕ ಆಸ್ತಿ ಅದು. ಅದಾದ ಸ್ವಲ್ಪ ಕಾಲಕ್ಕೇ ಟ್ಯಾಬ್ಲೆಟ್ ಬಂತು. ಮೂಲ ಪುಟ ಎನ್ನುವ ವಸ್ತುವೇ ಇಲ್ಲವಾಯಿತು. ಡಿಜಿಟಲ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದು ನಮ್ಮಲ್ಲಿ ಬಹಳ ಜನರ ಗಮನಕ್ಕೇ ಬರಲಿಲ್ಲ. ಕೊಟ್ಟದ್ದೇ ಗೊತ್ತಾಗಿರಲಿಲ್ಲವಲ್ಲ.

ನನ್ನ ಅಪ್ಪ ಬೋರ್ಡ್ ಬರೆಯುತ್ತಿದ್ದರು. ರಾಣೆಬೆನ್ನೂರಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯವು. ಬಟ್ಟೆ ಅಂಗಡಿಗೆ ಉರುಟು ಅಕ್ಷರ, ಗೊಬ್ಬರದಂಗಡಿಗೆ ದಪ್ಪ ಚೌಕ, ಬ್ಯಾಂಡ್ ಕಂಪನಿಗೆ ನೆರಳು ಬಿಟ್ಟ ಕೆಂಪು. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಅರ್ಧ ತಾಸಿಗೆ, ಕಾಲು ದುಡ್ಡಿಗೆ. ಅಪ್ಪ ಫ್ಲೆಕ್ಸನ್ನು ಬೈದದ್ದು ನಾನು ಕೇಳಿಲ್ಲ. ಊರಿನ ಮೊದಲ ಫ್ಲೆಕ್ಸ್ ಅಂಗಡಿಗೆ ಹೋಗಿ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗನ ಪಕ್ಕ ಸ್ಟೂಲ್ ಹಾಕಿ ಕೂತು, ‘ತಮ್ಮಾ, ಈ ಒತ್ತು ಇಷ್ಟು ಕೆಳಗ ಬ್ಯಾಡ, ಮ್ಯಾಲ ತಗೋ’ ಎಂದು ಹೇಳಿಕೊಡುತ್ತಿದ್ದರು. ಅಂಗಡಿಯವರು ಚಹಾ ಕುಡಿಸುತ್ತಿದ್ದರು. ಅಷ್ಟೇ ಸಂಬಳ. ಅಪ್ಪನ ಅಕ್ಷರದ ತಿಳುವಳಿಕೆ ಹೋಗಲಿಲ್ಲ, ಅದಕ್ಕೆ ಬೆಲೆ ಕಟ್ಟುವ ದಾರಿ ಹೋಯಿತು. ನನ್ನ ಪೀಳಿಗೆಗೆ ಆಗುತ್ತಿರುವುದೂ ಇದೇ ಎಂದು ನನಗೆ ಆ ಆಸ್ಪತ್ರೆಯ ಬೆಂಚಿನ ಮೇಲೆ ಹೊಳೆಯಿತು.

ಟ್ಯಾಬ್ಲೆಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಅನ್ನ ಹಾಕಿದೆ. ನೆಹರೂ ಪ್ಲೇಸಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಕಂತಿನಲ್ಲಿ. ಫೋಟೋಶಾಪಿಗೆ ತಿಂಗಳ ಬಾಡಿಗೆ ಕಟ್ಟಲಾಗದೆ ಕ್ರಿಟಾ ಕಲಿತೆ, ಅದು ಪುಕ್ಕಟೆ, ಒಳ್ಳೆಯದೂ ಹೌದು. ಕೈಯಲ್ಲಿ ದಿನಕ್ಕೆ ಒಂದು ಪುಟ, ಇದರಲ್ಲಿ ಎರಡು. ತಪ್ಪಿದರೆ ಎರಡು ಬೆರಳಿನಲ್ಲಿ ಹಿಂದಕ್ಕೆ ಹೋಗಬಹುದು. ಕಾಗದದಲ್ಲಿ ತಪ್ಪಿದರೆ ಬಿಳಿ ಪೋಸ್ಟರ್ ಕಲರ್ ಬಳಿದು ಒಣಗುವವರೆಗೆ ಕಾಯಬೇಕು. ಇನ್ನು ಸಂಪಾದಕರ ತಿದ್ದುಪಡಿಗಳು: ನಾಯಕಿಯ ಜಡೆ ಬಲಕ್ಕೆ ಹಾಕಿ, ವಿಲನ್ನಿಗೆ ಮೀಸೆ ಬೇಡ. ಅವನ್ನು ಕಾಗದದಲ್ಲಿ ಮಾಡಿ ನೋಡಿ, ಆಮೇಲೆ ಕೈಯ ಗೆರೆಯ ಮಹಿಮೆ ಮಾತಾಡೋಣ. ಟ್ಯಾಬ್ಲೆಟ್ಟಿನಲ್ಲಿ ಕಲಿತ ಹುಡುಗ ಹುಡುಗಿಯರ ಗೆರೆ ನಿರ್ಜೀವ ಎನ್ನುವುದು ಸುಳ್ಳು. ನನಗಿಂತ ಚೆನ್ನಾಗಿ ಮಾಡುವವರಿದ್ದಾರೆ.

ಆದರೆ ದಿನಕ್ಕೆ ಎರಡು ಪುಟ ಆದಾಗ ಪುಟದ ದರ ಏನಾಯಿತು ಕೇಳಿ. ಏರಲಿಲ್ಲ. ಬೇಗ ಆಗುತ್ತಲ್ಲ ಎಂಬ ಮಾತು ಬಂತು. ಉಳಿದ ಸಮಯ ನಮ್ಮದಾಗಲಿಲ್ಲ. ಅದರ ಮೇಲೆ, ‘ಲೇಯರ್ ಬಿಡಿಸಿದ ಫೈಲ್ ಕಳಿಸಿ’ ಎನ್ನುತ್ತಾರೆ. ಶಾಯಿ ಒಂದು ಲೇಯರ್, ಹಿನ್ನೆಲೆ ಒಂದು, ಪಾತ್ರ ಒಂದು. ಅದು ಕೊಟ್ಟರೆ ಆ ಪಾತ್ರವನ್ನು ನೀವಿಲ್ಲದೆ ಇನ್ನೊಂದು ಪುಟಕ್ಕೆ ಅಂಟಿಸಬಹುದು, ಟೀ ಶರ್ಟಿಗೆ ಹಾಕಬಹುದು, ಈಗೀಗ ಯಂತ್ರಕ್ಕೆ ತಿನ್ನಿಸಿ ನಿಮ್ಮ ಗೆರೆಯನ್ನೇ ಕಲಿಸಬಹುದು. ಹಿಂದಿನವರು ಕಾಗದ ಒಪ್ಪಿಸಿ ಬರುತ್ತಿದ್ದರು, ನಾವು ಕಾಗದದ ಜೊತೆಗೆ ಕೈಯನ್ನೂ ಒಪ್ಪಿಸುತ್ತಿದ್ದೇವೆ, ಅದೂ ಅದೇ ದರಕ್ಕೆ.

ಕಾನೂನು ಏನನ್ನುತ್ತದೆ? ನಾನು ವಕೀಲನಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಕಲಾವಿದರು ಒಮ್ಮೆಯಾದರೂ ಓದಬೇಕು, ಕಾದಂಬರಿಗಿಂತ ಸ್ವಾರಸ್ಯವಿದೆ. ಸಂಬಳದ ನೌಕರಿಯಲ್ಲಿದ್ದು ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ನಮ್ಮಂತೆ ಪುಟದ ಲೆಕ್ಕದಲ್ಲಿ ದುಡಿಯುವವರದು ಬೇರೆ: ಹಕ್ಕು ವರ್ಗಾವಣೆ ಲಿಖಿತದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ ಐದೇ ವರ್ಷ. ಯಾವ ದೇಶಕ್ಕೆ ಎಂದು ಬರೆದಿರದಿದ್ದರೆ ಭಾರತಕ್ಕಷ್ಟೇ. (ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳಿಗೆ ಬೇರೆ ನಿಯಮವಿದೆ. ಅದನ್ನು ವಕೀಲರಿಗೇ ಬಿಡೋಣ.) ಇದೆಲ್ಲ ಹಕ್ಕಿನ ಮಾತು. ಕಾಗದದ ಒಡೆತನ ಅದಕ್ಕಿಂತ ಬೇರೆ. ಪ್ರಕಟಿಸುವ ಹಕ್ಕು ಮಾರಿದರೂ ಪುಟ ನನ್ನದಾಗಿಯೇ ಉಳಿಯಬಹುದು.

ಇನ್ನೊಂದು ಕಲಂ ಇದೆ, 53ಎ. 1994ರ ತಿದ್ದುಪಡಿಯಲ್ಲಿ ಸೇರಿದ್ದು. ಮೂಲ ವರ್ಣಚಿತ್ರ, ಶಿಲ್ಪ ಅಥವಾ ರೇಖಾಚಿತ್ರ ಹತ್ತು ಸಾವಿರ ರೂಪಾಯಿಗೂ ಮೀರಿ ಮರುಮಾರಾಟವಾದರೆ ಆ ಬೆಲೆಯಲ್ಲಿ ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ, ಒಂದು ಪಾಲು ಸಲ್ಲಬೇಕು. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ ಸಲ್ಲಬೇಕು. ಪಾಲು ಶೇ 10 ಮೀರುವಂತಿಲ್ಲ. ಒಂದೇ ಷರತ್ತು, ಮೊದಲ ಹಕ್ಕುದಾರ ಅವನೇ ಆಗಿದ್ದಿರಬೇಕು. ನಾನು ವಿಚಾರಿಸಿದ ಕಾಮಿಕ್ಸ್ ಕಲಾವಿದರಲ್ಲಿ ಒಬ್ಬರಿಗೂ ಈ ಕಲಂ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಒಂಬತ್ತು ಪುಟ ಮಾರಿದ ಮೇಲೆ. ‘ಮೂಲ ಪ್ರತಿ’ ಇದ್ದರೆ ತಾನೇ ಈ ಹಕ್ಕು? ಫೈಲಿಗೆ ಮೂಲ ಯಾವುದು, ನಕಲು ಯಾವುದು?

ಈ ಹಕ್ಕುಗಳೆಲ್ಲ ಪುಸ್ತಕದಲ್ಲೇ ಇರುತ್ತವೆ ಎನ್ನುವವರಿಗೆ ದಿಲ್ಲಿಯದೇ ಒಂದು ಉದಾಹರಣೆ. ಶಿಲ್ಪಿ ಅಮರನಾಥ ಸೆಹಗಲ್ ವಿಜ್ಞಾನ ಭವನಕ್ಕೆ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ಹೇಳದೆ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟು ಉಳಿದ ತುಂಡುಗಳನ್ನು ಅವರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಕೊಂಡವರು ಸರ್ಕಾರವೇ ಆದರೂ ಕೃತಿಯ ಜೊತೆ ಕರ್ತೃವಿನ ನಂಟು ಕಡಿಯುವುದಿಲ್ಲ ಎಂದು ಕೋರ್ಟು ಒಪ್ಪಿತು. ಕಾದ ವರ್ಷಗಳನ್ನು ಎಣಿಸಿದರೆ ಸಂತೋಷ ಅರ್ಧ ಆಗುತ್ತದೆ, ನಿಜ.

ನನ್ನ ಮಾತಿಗೆ ಎದುರು ಮಾತು ಹೇಳುವವರು ದಡ್ಡರಲ್ಲ. ‘ನಿನ್ನ ಪುಟ ಮಾರಿತು, ಎಲ್ಲರದೂ ಮಾರುತ್ತದೆಯೇ?’ ಎಂದು ನೋಯ್ಡಾದ ಗೆಳತಿಯೊಬ್ಬಳು ಕೇಳಿದಳು. ಅವಳು ಮಕ್ಕಳ ಪಠ್ಯಪುಸ್ತಕಕ್ಕೆ ಚಿತ್ರ ಬರೆಯುತ್ತಾಳೆ. ನೀರಿನ ಚಕ್ರದ ಚಿತ್ರವನ್ನು ಯಾರು ಕೊಳ್ಳುತ್ತಾರೆ? ನನ್ನ ಹತ್ತಿರ ಉತ್ತರವಿಲ್ಲ. ಹೊಡೆದಾಟದ ಪುಟ ಮಾರುತ್ತದೆ, ಇಬ್ಬರು ಕೂತು ಮಾತಾಡುವ ಪುಟ ಮಾರುವುದಿಲ್ಲ. ನನ್ನ ಫೈಲಿನಲ್ಲಿ ಉಳಿದ ಎರಡು ಅಂಥವೇ. ಕಾಗದಕ್ಕೆ ಖರ್ಚಿದೆ, ಇಡಲು ಜಾಗ ಬೇಕು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಎ3 ಫೈಲಿಗೆ ಮಂಚದ ಕೆಳಗೂ ಜಾಗವಿಲ್ಲ. ಹೀಗಾಗಿ ಎಲ್ಲರೂ ಟ್ಯಾಬ್ಲೆಟ್ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಕಾಗದವೇ ಇಲ್ಲದ ಕೆಲಸಕ್ಕೆ ದರ ಹೆಚ್ಚಿರಬೇಕು, ಯಾಕೆಂದರೆ ಆ ಕೆಲಸದಲ್ಲಿ ನಾವು ನಾಳೆ ಮಾರಬಹುದಾದದ್ದನ್ನು ಇವತ್ತೇ ಬಿಟ್ಟುಕೊಡುತ್ತೇವೆ. ಲೇಯರ್ ಫೈಲಿಗೆ ಬೇರೆ ಬೆಲೆ ಇರಬೇಕು. ಇಂಕರ್‌ನ ಹೆಸರು ಪುಸ್ತಕದಲ್ಲಿ ಇರಬೇಕು. ಇದನ್ನು ಒಬ್ಬೊಬ್ಬರೇ ಕೇಳಿದರೆ ಮುಂದಿನ ಕೆಲಸ ಬೇರೆಯವರಿಗೆ ಹೋಗುತ್ತದೆ. ನನಗೆ ಹಾಗೆ ಒಮ್ಮೆ ಹೋಗಿದೆ. ಹತ್ತು ಜನ ಕೇಳಿದರೆ ಹೋಗಲಾರದು. ದಿಲ್ಲಿ ಸುತ್ತಮುತ್ತ ನಾವು ಹತ್ತಕ್ಕಿಂತ ಬಹಳ ಹೆಚ್ಚಿದ್ದೇವೆ, ಒಂದು ಕಡೆ ಕೂತಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಹೇಳುತ್ತೇನೆ. ಪೆನ್ಸಿಲ್ ಕೆಲಸ ಟ್ಯಾಬ್ಲೆಟ್ಟಿನಲ್ಲಿ, ಜಡೆ ಮೀಸೆಯ ಗಲಾಟೆ ಅಲ್ಲೇ ಮುಗಿಯಲಿ ಎಂದು. ಒಪ್ಪಿಗೆ ಸಿಕ್ಕ ಪುಟಗಳಲ್ಲಿ ಐದಕ್ಕೆ ಒಂದನ್ನು ಆರಿಸಿ ತಿಳಿನೀಲಿ ಬಣ್ಣದಲ್ಲಿ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸುತ್ತೇನೆ. ಆ ನೀಲಿಯ ಮೇಲೆ ಕೈಯಲ್ಲಿ ಶಾಯಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ನೀಲಿಯನ್ನು ತೆಗೆದುಹಾಕಿದರೆ ಕಪ್ಪು ಮಾತ್ರ ಉಳಿಯುತ್ತದೆ. ಉಳಿದ ನಾಲ್ಕಕ್ಕೆ ಟ್ಯಾಬ್ಲೆಟ್ಟಿನ ಶಾಯಿ. ಕಾಗದಕ್ಕೆ ತಿಂಗಳಿಗೊಮ್ಮೆ ವೈಶಾಲಿಯಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಬದಲಿಸಿ, ಚಾವ್ಡಿ ಬಜಾರಿಗೆ ಹೋಗುತ್ತೇನೆ. ಮದುವೆ ಕಾರ್ಡಿನ ಅಂಗಡಿಗಳ ನಡುವೆ ಕಾಗದ ತೂಕಕ್ಕೆ ಸಿಗುತ್ತದೆ. ಅಂಗಡಿಯವನು ನನ್ನನ್ನೂ ಕಾರ್ಡಿನ ವ್ಯಾಪಾರದವನೆಂದೇ ತಿಳಿದಿದ್ದಾನೆ, ಸೀಸನ್ ಹೇಗಿದೆ ಎಂದು ಕೇಳುತ್ತಾನೆ. ಪರವಾಗಿಲ್ಲ ಎನ್ನುತ್ತೇನೆ.

ಅಪ್ಪ ಈಗ ನಮ್ಮ ಜೊತೆ ಗಾಜಿಯಾಬಾದಿನಲ್ಲೇ ಇದ್ದಾರೆ. ಚಳಿ ಹಿಡಿಸುವುದಿಲ್ಲ, ಹಿಂದಿ ಬರುವುದಿಲ್ಲ, ಮಧ್ಯಾಹ್ನ ಬೇಜಾರಾಗುತ್ತದೆ. ಹೋದ ವಾರ ನಾನು ಹೊರಗೆ ಹೋಗಿದ್ದಾಗ ಒಂದು ಪುಟದಲ್ಲಿ ಖಾಲಿ ಬಿಟ್ಟಿದ್ದ ಅಂಗಡಿಯ ಬೋರ್ಡಿಗೆ ನನ್ನ ಮೂರನೇ ನಂಬರ್ ಬ್ರಷ್ಷಿನಲ್ಲಿ ಅಕ್ಷರ ತುಂಬಿದ್ದಾರೆ, ಕನ್ನಡದಲ್ಲಿ. ಕತೆ ನಡೆಯುವುದು ಕಾನ್ಪುರದಲ್ಲಿ. ಸಂಪಾದಕರಿಗೆ ಫೈಲಿನಲ್ಲಿ ಅದನ್ನು ಹಿಂದಿಗೆ ಬದಲಿಸಿ ಕಳಿಸಿದೆ. ಕಾಗದದ ಪುಟದಲ್ಲಿ ಹಾಗೇ ಇದೆ. ಅದನ್ನು ಬೇರೆ ಫೈಲಿಗೆ ಹಾಕಿಟ್ಟಿದ್ದೇನೆ.